ಶಾಂತಸಾಗರದ ದ್ವೀಪಗಳಿಗೆ ಹೊರಡುವ ಮುನ್ನ



ಆಸ್ಟ್ರೇಲಿಯಾದಲ್ಲೋ ನ್ಯೂಜಿಲೆಂಡಿನಲ್ಲೋ ಮಗ, ಮಗಳು ಇರುವ ಮನೆಗಳು ಈಗ ನಮ್ಮಲ್ಲಿ ಅಪರೂಪವೇನಲ್ಲ. ಮಕ್ಕಳನ್ನು ನೋಡಿಬರಲು ಹೊರಟ ತಂದೆತಾಯಿ ಮಾತಿನ ನಡುವೆ ಒಂದು ಆಸೆ ಹೇಳಿಕೊಳ್ಳುವುದುಂಟು: "ಅಷ್ಟು ದೂರ ಹೋಗಿರ್ತೀವಿ, ಹಾಗೇ ಫಿಜಿ, ಟೋಂಗಾ, ಸಮೋವಾ, ತಹೀತಿ, ಹವಾಯಿ ಎಲ್ಲಾ ನೋಡ್ಕೊಂಡು ಬಂದ್ಬಿಡೋಣ. ಅಲ್ಲೇ ಪಕ್ಕದಲ್ಲಿವೆಯಲ್ಲ!" ಗೋಡೆಯ ಮೇಲಿನ ಭೂಪಟ ನೋಡಿದವರಿಗೆ ಈ ಮಾತು ಸರಿಯೆಂದೇ ತೋರುತ್ತದೆ. ನೀಲಿ ಬಣ್ಣದ ಮೇಲೆ ಚೆಲ್ಲಿದ ಚುಕ್ಕೆಗಳೆಲ್ಲ ಒಂದು ಗೇಣಿನೊಳಗೆ ಬಂದುಬಿಡುತ್ತವೆ.

ಆ ಗೇಣಿನ ಅಳತೆ ಎಷ್ಟೆಂದು ಮೊದಲು ನೋಡೋಣ. ಶಾಂತಸಾಗರದ ವಿಸ್ತಾರ ಸುಮಾರು 16.5 ಕೋಟಿ ಚದರ ಕಿಲೋಮೀಟರು. ಜಗತ್ತಿನ ಎಲ್ಲ ಖಂಡಗಳನ್ನೂ ಎಲ್ಲ ದ್ವೀಪಗಳನ್ನೂ ಒಟ್ಟಿಗೆ ತಂದು ಸುರಿದರೂ ಅದರೊಳಗೆ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಫಿಜಿಯಿಂದ ತಹೀತಿಗೆ ಹೆಚ್ಚುಕಡಿಮೆ 3,500 ಕಿಲೋಮೀಟರು. ಬೆಂಗಳೂರಿನಿಂದ ದೆಹಲಿಗೆ ಹಾರಿ ಮತ್ತೆ ಬೆಂಗಳೂರಿಗೆ ಬಂದಷ್ಟು ದೂರ, ನಡುವೆ ಬರೀ ನೀರು. 1520ರ ನವೆಂಬರಿನಲ್ಲಿ ನಾವಿಕ ಮೆಗಲನ್ ದಕ್ಷಿಣ ಅಮೆರಿಕದ ತುದಿಯ ಜಲಸಂಧಿ ದಾಟಿ ಈ ಸಾಗರಕ್ಕೆ ಬಂದ. ಗುವಾಮ್ ದ್ವೀಪ ಕಾಣುವ ಹೊತ್ತಿಗೆ 1521ರ ಮಾರ್ಚ್ ತಿಂಗಳಾಗಿತ್ತು. ಮೂರು ತಿಂಗಳಿಗೂ ಮೀರಿದ ಆ ಪಯಣದಲ್ಲಿ ಅವನಿಗೆ ದಾರಿಯಲ್ಲಿ ಎದುರಾದದ್ದು ಜನರಿಲ್ಲದ ಎರಡು ಪುಟ್ಟ ದ್ವೀಪಗಳು ಮಾತ್ರ. ಹಡಗಿನವರು ಹುಳು ಹಿಡಿದ ರೊಟ್ಟಿಯ ಪುಡಿ ತಿಂದರು, ಇಲಿಗಳನ್ನು ಹಣ ಕೊಟ್ಟು ಕೊಂಡರು, ಕೊನೆಗೆ ಹಾಯಿಕಂಬಕ್ಕೆ ಸುತ್ತಿದ್ದ ತೊಗಲನ್ನೂ ನೆನೆಸಿ ಸುಟ್ಟು ತಿಂದರು. ಜೊತೆಗಿದ್ದ ಪಿಗಫೆಟ್ಟಾ ಇದನ್ನೆಲ್ಲ ಬರೆದಿಟ್ಟಿದ್ದಾನೆ.

ಆದರೆ ಇದೇ ನೀರನ್ನು ಮೆಗಲನ್‌ಗಿಂತ ಬಹಳ ಹಿಂದೆಯೇ ದಾಟಿದವರಿದ್ದರು. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಈ ದ್ವೀಪವಾಸಿಗಳ ಪೂರ್ವಿಕರು ಹಾಯಿದೋಣಿಗಳಲ್ಲಿ ಟೋಂಗಾ, ಸಮೋವಾ ತಲುಪಿದ್ದರು. ಮುಂದೆ ಅವರ ಸಂತತಿ ಹವಾಯಿ, ಈಸ್ಟರ್ ದ್ವೀಪ, ನ್ಯೂಜಿಲೆಂಡ್‌ವರೆಗೆ ಹಬ್ಬಿತು. ದಿಕ್ಸೂಚಿ ಇಲ್ಲ, ಕಾಗದದ ನಕ್ಷೆ ಇಲ್ಲ. ಯಾವ ನಕ್ಷತ್ರ ಎಲ್ಲಿ ಏಳುತ್ತದೆ, ಅಲೆ ದೋಣಿಯ ಯಾವ ಮಗ್ಗುಲಿಗೆ ಬಡಿಯುತ್ತಿದೆ, ಸಂಜೆ ಹಕ್ಕಿ ಯಾವ ಕಡೆ ಹಾರುತ್ತದೆ, ಇಷ್ಟೇ ಅವರ ದಾರಿಗುರುತು. ಇದು ಕಟ್ಟುಕತೆಯಲ್ಲ ಎಂದು ತೋರಿಸಲು 1976ರಲ್ಲಿ ಹೊಕುಲೆಯಾ ಎಂಬ ಜೋಡಿದೋಣಿ ಹವಾಯಿಯಿಂದ ತಹೀತಿಗೆ ಹೊರಟಿತು. ದಾರಿ ತೋರುವ ಜವಾಬ್ದಾರಿ ಹೊತ್ತವನು ಸತವಾಲ್ ಎಂಬ ಪುಟ್ಟ ದ್ವೀಪದ ಮಾವು ಪಿಯಾಯ್ಲುಗ್. ಒಂದು ಉಪಕರಣವನ್ನೂ ಮುಟ್ಟದೆ ಒಂದು ತಿಂಗಳ ಆಸುಪಾಸಿನಲ್ಲಿ ದೋಣಿಯನ್ನು ಗುರಿ ಮುಟ್ಟಿಸಿದ.

ಫಿಜಿಯಲ್ಲಿ ನೆಲೆಸಿದ್ದ ಟೋಂಗಾ ಮೂಲದ ಲೇಖಕ ಎಪೆಲಿ ಹೌಒಫಾ 1993ರಲ್ಲಿ ಒಂದು ಪ್ರಬಂಧ ಬರೆದರು. ಹೊರಗಿನವರು ನಮ್ಮನ್ನು ದೂರದ ಸಮುದ್ರದಲ್ಲಿ ಚದುರಿಹೋದ ಚಿಕ್ಕ ಚಿಕ್ಕ ತುಣುಕುಗಳೆಂದು ನೋಡುತ್ತಾರೆ. ನಮ್ಮ ಹಿರಿಯರಿಗೆ ಸಮುದ್ರವೇ ಊರು, ದ್ವೀಪಗಳು ಅದರೊಳಗಿನ ಕೇರಿಗಳು ಎಂಬುದು ಅವರ ವಾದದ ತಿರುಳು. ಪ್ರವಾಸ ಹೊರಡುವವರು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕಾದ ವಿಚಾರ ಇದೇ. ದ್ವೀಪಗಳ ಪಟ್ಟಿ ಮಾಡಬೇಡಿ, ದಾರಿಗಳನ್ನು ಹುಡುಕಿ. ಯಾವ ದೇಶದಿಂದ ಯಾವ ದೇಶಕ್ಕೆ ದಾರಿಯಿದೆ, ಆ ದಾರಿ ವಾರದ ಯಾವ ದಿನ ತೆರೆದಿರುತ್ತದೆ ಎಂದು ತಿಳಿದರೆ ಅರ್ಧ ಯೋಜನೆ ಮುಗಿದ ಹಾಗೆ.

ಹಡಗಿನಲ್ಲಿ ಒಂದೊಂದೇ ದೇಶ ನೋಡುತ್ತ ಹೋಗಬಹುದೆಂದು ಹಲವರು ತಿಳಿದಿರುತ್ತಾರೆ. ದೇಶದೊಳಗಿನ ದ್ವೀಪಗಳ ನಡುವೆ ಹಡಗು, ಲಾಂಚುಗಳು ಓಡಾಡುತ್ತವೆ, ನಿಜ. ಫ್ರೆಂಚ್ ಪಾಲಿನೇಷ್ಯಾದಲ್ಲಿ ಅರಾನುಯಿ ಎಂಬ ಹಡಗು ತಹೀತಿಯ ಪಪೀತೆ ಬಂದರಿನಿಂದ ಮಾರ್ಕೇಸಸ್ ದ್ವೀಪಗಳಿಗೆ ಸಾಮಾನನ್ನೂ ಪ್ರವಾಸಿಗಳನ್ನೂ ಒಟ್ಟಿಗೆ ಹೊತ್ತೊಯ್ಯುತ್ತದೆ. ಆದರೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ನಿಯಮಿತವಾಗಿ ಹೋಗುವ ಪ್ರಯಾಣಿಕ ಹಡಗು ತೀರಾ ಅಪರೂಪ. ಸ್ವಂತ ಹಾಯಿದೋಣಿ ಇರುವ ಸಾಹಸಿಗಳ ಮಾತು ಬೇರೆ. ನಮಗೆ ನಿಮಗೆ ವಿಮಾನವೇ ಗತಿ.

ಈ ವಿಮಾನದ ದಾರಿಗಳಿಗೂ ಒಂದು ಹಿನ್ನೆಲೆಯಿದೆ. ಇಲ್ಲಿನ ರನ್‌ವೇಗಳಲ್ಲಿ ಬಹಳಷ್ಟು ಎರಡನೆಯ ಮಹಾಯುದ್ಧದ ಕಾಲದವು. ಸಾಲೊಮನ್ ದ್ವೀಪಗಳ ಹೊನಿಯಾರಾ ನಿಲ್ದಾಣವಿರುವ ಜಾಗದಲ್ಲಿ 1942ರಲ್ಲಿ ಜಪಾನೀಯರು ರನ್‌ವೇ ಶುರುಮಾಡಿದರು, ಅಮೆರಿಕನ್ನರು ವಶಪಡಿಸಿಕೊಂಡು ಮುಗಿಸಿದರು. ತುವಾಲುವಿನ ಫುನಾಫುತಿಯ ರನ್‌ವೇಯನ್ನು 1943ರಲ್ಲಿ ಅಮೆರಿಕದ ನೌಕಾಪಡೆ ಹಾಕಿತು. ಅಂದು ಬಾಂಬರುಗಳು ಇಳಿದ ಕಡೆ ಇಂದು ಪ್ರವಾಸಿಗಳು ಇಳಿಯುತ್ತಾರೆ.

ಪ್ರವಾಸಿಗೆ ಈ ಸಾಗರದ ಬಾಗಿಲುಗಳು ಕೆಲವೇ. ದಕ್ಷಿಣದಲ್ಲಿ ಮುಖ್ಯ ಬಾಗಿಲು ಫಿಜಿಯ ನಾಂದಿ. ನಕ್ಷೆಯಲ್ಲಿ ನಾಡಿ ಎಂದು ಬರೆದಿರುತ್ತಾರೆ, ಊರವರು ನಾಂದಿ ಎನ್ನುತ್ತಾರೆ. ಟಿಕೆಟ್ ನೋಡಿ ಗಾಬರಿಯಾಗಬೇಡಿ. ರೈಲಿನವರಿಗೆ ಅರಸೀಕೆರೆ ಜಂಕ್ಷನ್ ಹೇಗೋ ದಕ್ಷಿಣ ಶಾಂತಸಾಗರಕ್ಕೆ ನಾಂದಿ ಹಾಗೆ. ಸಿಂಗಪುರ, ಹಾಂಗ್‌ಕಾಂಗ್, ಸಿಡ್ನಿ, ಆಕ್ಲೆಂಡ್‌ಗಳಿಂದ ಅಲ್ಲಿಗೆ ನೇರ ವಿಮಾನಗಳಿವೆ. ಅಲ್ಲಿಂದ ಸಮೋವಾ, ಟೋಂಗಾ, ವನುವಾತು ಕಡೆಗೆ ಕವಲುಗಳು ಒಡೆಯುತ್ತವೆ. ಉತ್ತರದಲ್ಲಿ ಇನ್ನೊಂದು ದಾರಿ: ಹವಾಯಿಯ ಹೊನೊಲುಲುವಿನಿಂದ ಹೊರಟ ಒಂದೇ ವಿಮಾನ ಮಾರ್ಷಲ್ ದ್ವೀಪಗಳ ಮಜುರೊ, ಕ್ವಾಜಲೀನ್, ಆಮೇಲೆ ಮೈಕ್ರೊನೇಷ್ಯಾದ ಕೊಸ್ರಾಯ್, ಪೊನಪೇ, ಚೂಕ್‌ಗಳಲ್ಲಿ ಇಳಿದು ಹತ್ತಿ ಗುವಾಮ್ ಸೇರುತ್ತದೆ. ಹದಿನೈದು ಗಂಟೆಯ ಆಸುಪಾಸಿನ ಪ್ರಯಾಣ. ನಡುವೆ ಕೆಟ್ಟರೆ ರಿಪೇರಿಗೆ ಯಾರೂ ಸಿಗುವುದಿಲ್ಲವೆಂದು ಮೆಕ್ಯಾನಿಕ್ ಒಬ್ಬ ಬಿಡಿಭಾಗಗಳ ಸಮೇತ ವಿಮಾನದಲ್ಲೇ ಕುಳಿತಿರುತ್ತಾನೆ. ಕ್ವಾಜಲೀನ್ ಅಮೆರಿಕದ ಸೇನಾನೆಲೆ. ಅಲ್ಲಿ ಕೆಲಸವಿರುವವರನ್ನು ಬಿಟ್ಟು ಉಳಿದವರು ಸೀಟು ಬಿಟ್ಟು ಇಳಿಯುವಂತಿಲ್ಲ. ಮೂರನೆಯ ಬಾಗಿಲು ತಹೀತಿಯ ಪಪೀತೆ, ಅದು ಫ್ರೆಂಚರ ಲೋಕ. ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಮೂರನ್ನೂ ಒಂದೇ ಪ್ರವಾಸದಲ್ಲಿ ಹೆಣೆಯಲು ಹೊರಟರೆ ನಿಮ್ಮ ರಜೆಯೆಲ್ಲ ವಿಮಾನ ನಿಲ್ದಾಣಗಳ ಕುರ್ಚಿಗಳಲ್ಲೇ ಕರಗಿಹೋಗುತ್ತದೆ.

ದೇಶ ಚಿಕ್ಕದಾದಷ್ಟೂ ವಿಮಾನಗಳು ವಿರಳ. ತುವಾಲುವನ್ನೇ ನೋಡಿ. ಒಂಬತ್ತು ದ್ವೀಪಗಳು, ಎಲ್ಲ ಸೇರಿ 26 ಚದರ ಕಿಲೋಮೀಟರು ನೆಲ, ಹನ್ನೊಂದು ಸಾವಿರದ ಆಸುಪಾಸು ಜನ. ಫಿಜಿಯ ಸುವಾದಿಂದ ಸಾವಿರ ಕಿಲೋಮೀಟರಿಗೂ ತುಸು ಹೆಚ್ಚು ದೂರಕ್ಕೆ ಪ್ರೊಪೆಲರಿನ ಸಣ್ಣ ವಿಮಾನ ವಾರಕ್ಕೆ ಕೆಲವೇ ಸಲ ಹೋಗುತ್ತದೆ. ಫುನಾಫುತಿಯಲ್ಲಿ ಊರಿರುವ ನೆಲ ಎಷ್ಟು ಕಿರಿದೆಂದರೆ ಕೆಲವು ಕಡೆ ರಸ್ತೆಯ ಈ ಬದಿಗೂ ಸಮುದ್ರ, ಆ ಬದಿಗೂ ಸಮುದ್ರ. ಇದ್ದುದರಲ್ಲಿ ಅಗಲವಾದ ಬಯಲೆಂದರೆ ರನ್‌ವೇ. ಹಾಗಾಗಿ ಬಿಸಿಲು ಇಳಿದ ಮೇಲೆ ಮಕ್ಕಳ ಫುಟ್‌ಬಾಲ್, ದೊಡ್ಡವರ ವಾಲಿಬಾಲ್, ಹುಡುಗರ ಬೈಕ್ ಸವಾರಿ, ಮುದುಕರ ಹರಟೆ ಎಲ್ಲವೂ ರನ್‌ವೇ ಮೇಲೆಯೇ. ಸೆಕೆಯ ರಾತ್ರಿಗಳಲ್ಲಿ ಚಾಪೆ ಹಾಸಿ ಮಲಗುವವರೂ ಇದ್ದಾರೆ. ವಿಮಾನ ಬರುವ ಹೊತ್ತಿಗೆ ಸೈರನ್ ಕೂಗುತ್ತದೆ, ಜನ ಪಕ್ಕಕ್ಕೆ ಸರಿಯುತ್ತಾರೆ, ವಿಮಾನ ಇಳಿದು ಹೋಗುತ್ತದೆ, ಆಟ ಮುಂದುವರಿಯುತ್ತದೆ. ಇಂಥ ಊರಿಗೆ ಹೋದವರು ಹೊರಡುವ ವಿಮಾನ ತಪ್ಪಿಸಿಕೊಂಡರೆ ಮರುದಿನ ಇನ್ನೊಂದು ಸಿಕ್ಕೀತು ಎಂದುಕೊಳ್ಳುವಂತಿಲ್ಲ. ವಿಮಾನ ಬರುವ ದಿನಗಳನ್ನು ಮೊದಲು ಬರೆದುಕೊಂಡು, ಉಳಿದ ದೇಶಗಳನ್ನು ಅದರ ಸುತ್ತ ಕೂರಿಸಬೇಕು.

ಕಿರಿಬಾಸ್ ಇನ್ನೊಂದು ಬಗೆ. ನಕ್ಷೆಯಲ್ಲಿ ಕಿರಿಬಾಟಿ ಎಂದಿರುವ ದೇಶ ಇದೇ. ಅದರ ನೆಲ 811 ಚದರ ಕಿಲೋಮೀಟರು, ಬೆಂಗಳೂರು ನಗರಕ್ಕಿಂತ ಸ್ವಲ್ಪ ದೊಡ್ಡದು. ಆದರೆ ಅದರ ಹಕ್ಕಿನ ಸಮುದ್ರ ಸುಮಾರು 35 ಲಕ್ಷ ಚದರ ಕಿಲೋಮೀಟರು, ಭಾರತದ ಒಟ್ಟು ನೆಲಕ್ಕಿಂತಲೂ ಹೆಚ್ಚು. ರಾಜಧಾನಿ ತರಾವಾದಿಂದ ಅದೇ ದೇಶದ ಕಿರಿತಿಮಾತಿ ದ್ವೀಪಕ್ಕೆ 3,200 ಕಿಲೋಮೀಟರಿಗೂ ಹೆಚ್ಚು. "ಕಿರಿಬಾಸ್ ನೋಡಿದೆ" ಎನ್ನುವವರು ಅದರ ಯಾವ ತುದಿ ನೋಡಿದೆ ಎಂದೂ ಹೇಳಬೇಕಾಗುತ್ತದೆ.

ಇನ್ನು ತಾರೀಖಿನ ತಂಟೆ. ಈ ಸಾಗರದ ನಡುವೆ ಅಂತಾರಾಷ್ಟ್ರೀಯ ದಿನರೇಖೆ ಹಾದುಹೋಗುತ್ತದೆ. ಮೆಗಲನ್‌ನ ತಂಡದಲ್ಲಿ ಬದುಕಿ ಉಳಿದವರು 1522ರಲ್ಲಿ ಭೂಮಿ ಸುತ್ತಿ ಕೇಪ್ ವರ್ಡ್ ದ್ವೀಪಕ್ಕೆ ಬಂದಾಗ ಅವರ ಲೆಕ್ಕದಲ್ಲಿ ಅಂದು ಬುಧವಾರ, ದಡದವರಿಗೆ ಗುರುವಾರ. ಒಂದು ದಿನವೂ ಬಿಡದೆ ದಿನಚರಿ ಬರೆದಿದ್ದ ಪಿಗಫೆಟ್ಟಾ ಬೆರಗಾದ. ನಮ್ಮ ಕಾಲದ ಉದಾಹರಣೆ ಸಮೋವಾದ್ದು. ಆ ದೇಶದ ವ್ಯವಹಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಜೊತೆ. ತಾರೀಖು ಮಾತ್ರ ಅಮೆರಿಕದ ಕಡೆಯದಾಗಿತ್ತು. ಇಲ್ಲಿ ಶುಕ್ರವಾರ ಕಚೇರಿ ತೆರೆದರೆ ಅಲ್ಲಿ ಶನಿವಾರದ ರಜೆ, ಅಲ್ಲಿ ಸೋಮವಾರ ಬಾಗಿಲು ತೆಗೆದರೆ ಇಲ್ಲಿ ಭಾನುವಾರದ ಪ್ರಾರ್ಥನೆ. ಕೊನೆಗೆ 2011ರಲ್ಲಿ ಸರ್ಕಾರ ರೇಖೆಯ ಈಚೆಗೆ ಬರಲು ತೀರ್ಮಾನಿಸಿತು. ಡಿಸೆಂಬರ್ 29ರ ಗುರುವಾರ ರಾತ್ರಿ ಮಲಗಿದ ಸಮೋವಾದ ಜನ ಎದ್ದದ್ದು 31ರ ಶನಿವಾರ. ಆ ವರ್ಷ ಅಲ್ಲಿ ಡಿಸೆಂಬರ್ 30 ಬರಲೇ ಇಲ್ಲ.

ಪಕ್ಕದ ಅಮೆರಿಕನ್ ಸಮೋವಾ ಮಾತ್ರ ಹಳೆಯ ತಾರೀಖಿನಲ್ಲೇ ಉಳಿಯಿತು. ಎರಡರ ನಡುವೆ ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆಯೂ ಬೇಡ. ಗಡಿಯಾರದಲ್ಲಿ ವ್ಯತ್ಯಾಸವಿಲ್ಲ, ಕ್ಯಾಲೆಂಡರಿನಲ್ಲಿ ಪೂರ್ತಿ ಒಂದು ದಿನ. ಸಮೋವಾದ ಅಪಿಯಾದಿಂದ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊರಟವರು ಅಮೆರಿಕನ್ ಸಮೋವಾದ ಪಾಗೊ ಪಾಗೊದಲ್ಲಿ ಶುಕ್ರವಾರ ಬೆಳಿಗ್ಗೆ ಹನ್ನೊಂದರೊಳಗೆ ಇಳಿದಿರುತ್ತಾರೆ. ಹೋಟೆಲನ್ನು ಶನಿವಾರಕ್ಕೆ ಕಾಯ್ದಿರಿಸಿದ್ದರೆ ಶುಕ್ರವಾರದ ರಾತ್ರಿಗೆ ಕೋಣೆಯಿಲ್ಲ. ಆಕ್ಲೆಂಡಿನಿಂದ ಕುಕ್ ದ್ವೀಪಗಳಿಗೆ, ಫಿಜಿಯಿಂದ ತಹೀತಿಗೆ ಹೋಗುವವರಿಗೂ ಇದೇ ಕತೆ. ಆದ್ದರಿಂದ ಯೋಜನೆಯನ್ನು "ಒಂದನೇ ದಿನ, ಎರಡನೇ ದಿನ" ಎಂದು ಬರೆಯಬೇಡಿ. ಪ್ರತಿ ಊರಿನ ಮುಂದೆ ಅಲ್ಲಿಯ ವಾರ, ಅಲ್ಲಿಯ ತಾರೀಖು, ಅಲ್ಲಿಯ ಸಮಯ ಬರೆಯಿರಿ. ಫಿಜಿ ನಮಗಿಂತ ಆರೂವರೆ ಗಂಟೆ ಮುಂದೆ, ಸಮೋವಾ ಮತ್ತು ಟೋಂಗಾ ಏಳೂವರೆ ಗಂಟೆ ಮುಂದೆ. ತಹೀತಿ ಹದಿನೈದೂವರೆ ಗಂಟೆ ಹಿಂದೆ.

ಹೋಗಬೇಕಾದ್ದು ಯಾವಾಗ? ದಕ್ಷಿಣ ಶಾಂತಸಾಗರದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. 2015ರ ಮಾರ್ಚ್‌ನಲ್ಲಿ ಪ್ಯಾಮ್ ಚಂಡಮಾರುತ ವನುವಾತುವನ್ನು ನೆಲಸಮ ಮಾಡಿತು. 2016ರ ಫೆಬ್ರುವರಿಯಲ್ಲಿ ವಿನ್‌ಸ್ಟನ್ ಫಿಜಿಯಲ್ಲಿ 44 ಜೀವಗಳನ್ನು ತೆಗೆದುಕೊಂಡಿತು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಒಣಹವೆ, ಗಾಳಿ ಹಿತ. ನಮ್ಮ ಶಾಲೆಗಳ ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲ್ ಬಿಟ್ಟು ಮೇ ಹಿಡಿಯಬೇಕು. ದಸರಾ ರಜೆಯೂ ಆದೀತು. ಟೋಂಗಾದ ವಾವಾಉ ದ್ವೀಪಗಳಿಗೆ ಜುಲೈನಿಂದ ಅಕ್ಟೋಬರ್‌ವರೆಗೆ ಅಂಟಾರ್ಕ್ಟಿಕದ ಕಡೆಯಿಂದ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ವನುವಾತುವಿನ ಪೆಂಟೆಕಾಸ್ಟ್ ದ್ವೀಪದಲ್ಲಿ ಗಂಡಸರು ಕಾಲಿಗೆ ಬಳ್ಳಿ ಕಟ್ಟಿಕೊಂಡು ಮರದ ಅಟ್ಟಣಿಗೆಯಿಂದ ನೆಲದತ್ತ ಧುಮುಕುವ ಆಚರಣೆ ಏಪ್ರಿಲಿನಿಂದ ಜೂನ್‌ವರೆಗೆ ಮಾತ್ರ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಲು ಬರುವುದಿಲ್ಲ. ಯಾವುದು ಬೇಕೆಂದು ಮೊದಲೇ ನಿರ್ಧರಿಸಿ.

ಈಗ ಕಾಗದಪತ್ರಗಳು. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಫಿಜಿ, ಸಮೋವಾಗಳಲ್ಲಿ ಇಳಿದ ಮೇಲೆಯೇ ಪ್ರವೇಶದ ಅನುಮತಿ ಸಿಗುತ್ತದೆ. ಬೇರೆ ಕೆಲವು ದೇಶಗಳಿಗೆ ಮೊದಲೇ ವೀಸಾ ತೆಗೆದುಕೊಳ್ಳಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಮಾಡಿಸುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯಲ್ಲಿ ಕೇಳಿ. ಆದರೆ ಜನ ಎಡವುವುದು ಇಲ್ಲಲ್ಲ, ದಾರಿಯ ನಡುವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ವಿಮಾನ ಬದಲಿಸುವುದಕ್ಕೂ ನಮಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು. ಹೊನೊಲುಲುವಿನಲ್ಲಿ ಎರಡು ಗಂಟೆ ಕುಳಿತು ಮುಂದೆ ಹೋಗುವುದಕ್ಕೂ ಅಮೆರಿಕದ ವೀಸಾ ಬೇಕು. ತಹೀತಿ ಫ್ರಾನ್ಸಿನದೇ ಆದರೂ ಶೆಂಗೆನ್ ವೀಸಾ ಅಲ್ಲಿಗೆ ತಾನೇ ತಾನಾಗಿ ಅನ್ವಯಿಸುವುದಿಲ್ಲ. ಸಿಡ್ನಿಯ ಮಗಳ ಮನೆಯಿಂದ ಫಿಜಿಗೆ ಹೋಗಿ ಮತ್ತೆ ಸಿಡ್ನಿಗೆ ಬರುವವರ ವೀಸಾ ಒಂದೇ ಪ್ರವೇಶದ್ದಾದರೆ ಮರಳುವ ಬಾಗಿಲು ಮುಚ್ಚಿದಂತೆಯೇ. ಹಲವು ಸಲ ಪ್ರವೇಶಿಸುವ ವೀಸಾ ಕೇಳಿ ಪಡೆಯಿರಿ. ಬಹುತೇಕ ದ್ವೀಪಗಳಲ್ಲಿ ಇಳಿದ ಕೂಡಲೇ ಮುಂದಿನ ಟಿಕೆಟ್ ತೋರಿಸು ಎನ್ನುತ್ತಾರೆ. ಮೊಬೈಲನ್ನೇ ನಂಬದೆ ಎಲ್ಲವನ್ನೂ ಕಾಗದದಲ್ಲಿ ಇಟ್ಟುಕೊಳ್ಳಿ. 2022ರ ಜನವರಿ 15ರಂದು ಟೋಂಗಾದ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಕಡಲಡಿಯ ಕೇಬಲ್ ತುಂಡಾದಾಗ ಇಡೀ ದೇಶ ವಾರಗಟ್ಟಲೆ ಸರಿಯಾದ ಇಂಟರ್ನೆಟ್ ಇಲ್ಲದೆ ಕೂತಿತ್ತು.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫಿಜಿ, ಸಮೋವಾ, ಟೋಂಗಾ, ವನುವಾತುಗಳಿಗೆ ತಮ್ಮ ತಮ್ಮ ನಾಣ್ಯಗಳಿವೆ. ತುವಾಲು, ಕಿರಿಬಾಸ್, ನೌರುಗಳಲ್ಲಿ ಆಸ್ಟ್ರೇಲಿಯಾದ ಡಾಲರು, ಮಾರ್ಷಲ್ ದ್ವೀಪ, ಮೈಕ್ರೊನೇಷ್ಯಾ, ಪಲಾವುಗಳಲ್ಲಿ ಅಮೆರಿಕದ ಡಾಲರು ನಡೆಯುತ್ತದೆ. ತುವಾಲುವಿನಲ್ಲಿ ಮೊದಲ ಎಟಿಎಂ ಬಂದದ್ದೇ 2025ರ ಏಪ್ರಿಲ್‌ನಲ್ಲಿ. ನಗದು ಕೈಯಲ್ಲಿರಲಿ. ಆರೋಗ್ಯದ ಮಟ್ಟಿಗೆ, ಪಪುವಾ ನ್ಯೂಗಿನಿ, ಸಾಲೊಮನ್, ವನುವಾತುಗಳಲ್ಲಿ ಮಲೇರಿಯಾ ಇದೆ. ಅಲ್ಲಿಂದ ಪೂರ್ವಕ್ಕಿರುವ ಫಿಜಿ, ಟೋಂಗಾ, ಸಮೋವಾಗಳಲ್ಲಿ ಇಲ್ಲ. ಡೆಂಗಿ ಎಲ್ಲ ಕಡೆಯೂ ಇದೆ. ದೊಡ್ಡ ಕಾಯಿಲೆಯಾದರೆ ಆಕ್ಲೆಂಡಿಗೋ ಬ್ರಿಸ್ಬೇನಿಗೋ ವಿಮಾನದಲ್ಲಿ ಸಾಗಿಸಬೇಕಾಗುವುದರಿಂದ ಆ ವೆಚ್ಚ ಭರಿಸುವ ವಿಮೆ ಇಲ್ಲದೆ ಹೊರಡಬೇಡಿ. ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ ಕಟ್ಟಿಕೊಳ್ಳುವವರು ಅದನ್ನು ಕಸ್ಟಮ್ಸ್ ಚೀಟಿಯಲ್ಲಿ ಬರೆದು ತೋರಿಸಬೇಕು. ಹೇಳದೆ ಒಯ್ದರೆ ನ್ಯೂಜಿಲೆಂಡಿನಲ್ಲಿ ನಿಂತ ಜಾಗದಲ್ಲೇ 400 ಡಾಲರ್ ದಂಡ. ಸಣ್ಣ ವಿಮಾನಗಳಲ್ಲಿ ಪೆಟ್ಟಿಗೆಯ ಜೊತೆ ನಿಮ್ಮನ್ನೂ ತೂಕಕ್ಕೆ ನಿಲ್ಲಿಸುತ್ತಾರೆ, ಬೇಸರ ಬೇಡ.

ಸಸ್ಯಾಹಾರಿಗಳಿಗೆ ಒಂದು ಒಳ್ಳೆಯ ಸುದ್ದಿ. ಈ ದ್ವೀಪಗಳ ಅಡುಗೆ ಕರಾವಳಿ, ಮಲೆನಾಡಿನವರಿಗೆ ಅಪರಿಚಿತವಲ್ಲ. ಕೆಸುವಿನ ಗೆಡ್ಡೆ ಅಲ್ಲಿಯ ಮುಖ್ಯ ಆಹಾರ. ಕೆಸುವಿನ ಎಲೆಯಲ್ಲಿ ತೆಂಗಿನ ಗಟ್ಟಿಹಾಲು ಕಟ್ಟಿ ಕಾದ ಕಲ್ಲುಗಳ ಒಲೆಯಲ್ಲಿ ಬೇಯಿಸುವ ಪಲುಸಾಮಿ ಸಮೋವಾದ ಹೆಮ್ಮೆ. ಪತ್ರೊಡೆ ತಿಂದ ನಾಲಿಗೆಗೆ ಅದು ಒಗ್ಗದೆ ಇರದು. ಒಳಗೆ ಮಾಂಸ ಹಾಕಿದ್ದಾರೆಯೇ ಎಂದು ಮಾತ್ರ ಕೇಳಿಕೊಳ್ಳಿ, ಹಾಕುವ ರೂಢಿಯೂ ಇದೆ. ದಕ್ಷಿಣ ಕನ್ನಡದವರು ಪೋಡಿ ಮಾಡುವ ಜೀಗುಜ್ಜೆ ಇದೆಯಲ್ಲ, ಅದರ ತವರು ಇದೇ ಸಾಗರ. ಆ ಗಿಡಗಳನ್ನು ತಹೀತಿಯಿಂದ ವೆಸ್ಟ್ ಇಂಡೀಸಿಗೆ ಒಯ್ಯುತ್ತಿದ್ದ ಬೌಂಟಿ ಹಡಗಿನಲ್ಲೇ 1789ರಲ್ಲಿ ನಾವಿಕರು ದಂಗೆಯೆದ್ದು ಕ್ಯಾಪ್ಟನ್ ಬ್ಲೈಯನ್ನು ದೋಣಿಗೆ ಇಳಿಸಿದ್ದು. ಗಿಡಗಳು ಸಮುದ್ರದ ಪಾಲಾದವು.

ಫಿಜಿಯಲ್ಲಂತೂ ರೊಟ್ಟಿ, ದಾಲ್, ಪಲ್ಯಕ್ಕೆ ಬರವಿಲ್ಲ. ಅದರ ಹಿಂದೆ ನೋವಿನ ಚರಿತ್ರೆಯಿದೆ. 1879ರ ಮೇ 14ರಂದು ಲಿಯೊನಿಡಾಸ್ ಎಂಬ ಹಡಗು ಕಲ್ಕತ್ತಾದಿಂದ ಕರಾರಿನ ಕೂಲಿಗಳನ್ನು ಹೊತ್ತು ಫಿಜಿ ಮುಟ್ಟಿತು. 1916ರವರೆಗೆ ಹೀಗೆ 60,000ಕ್ಕೂ ಹೆಚ್ಚು ಜನ ಕಬ್ಬಿನ ಗದ್ದೆಗಳಿಗೆ ಬಂದರು. 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು. ದಕ್ಷಿಣದವರು 1926ರಲ್ಲಿ ಕಟ್ಟಿಕೊಂಡ ಸಂಗಮ್ ಸಂಸ್ಥೆ ಇಂದಿಗೂ ಶಾಲೆಗಳನ್ನು ನಡೆಸುತ್ತಿದೆ. ನಾಂದಿಯ ಮುಖ್ಯ ಬೀದಿಯ ಕೊನೆಯಲ್ಲಿ ಬಣ್ಣಬಣ್ಣದ ಗೋಪುರದ ಸುಬ್ರಹ್ಮಣ್ಯ ದೇವಾಲಯವಿದೆ. ಟ್ಯಾಕ್ಸಿ ಹತ್ತಿದರೆ ರೇಡಿಯೊ ನವತರಂಗ್‌ನಲ್ಲಿ ಹಿಂದಿ ಹಾಡು ಕೇಳುತ್ತದೆ. ಅವರ ಹಿಂದಿ ಅವರದೇ, ನಮ್ಮ ಸಿನಿಮಾದ ಹಿಂದಿಯಲ್ಲ. ಊರು ಯಾವುದು ಎಂದು ಕೇಳಿದರೆ ನಾಲ್ಕೈದು ತಲೆಮಾರಿನ ಹಿಂದಿನ ಜಿಲ್ಲೆಯ ಹೆಸರು ಹೇಳುವವರಿದ್ದಾರೆ, ಹೇಳಲು ಗೊತ್ತಿಲ್ಲದವರೂ ಇದ್ದಾರೆ. ಕೇಳುವಾಗ ಸ್ವಲ್ಪ ಮೆತ್ತಗೆ ಕೇಳಿ.

ಫಿಜಿಯ ಮೂಲನಿವಾಸಿಗಳ ಹಳ್ಳಿಗೆ ಹೋಗುವುದಾದರೆ ಬರಿಗೈಯಲ್ಲಿ ಹೋಗಬಾರದು. ಊರಿನ ಮಾರುಕಟ್ಟೆಯಲ್ಲಿ ಯಂಗೋನ ಬೇರಿನ ಕಟ್ಟು ಸಿಗುತ್ತದೆ, ಬೇರೆ ದ್ವೀಪಗಳಲ್ಲಿ ಇದನ್ನೇ ಕಾವಾ ಎನ್ನುತ್ತಾರೆ. ಅರ್ಧ ಕಿಲೋದ ಕಟ್ಟು ಸಾಕು. ಹಳ್ಳಿಯೊಳಗೆ ಕಾಲಿಡುವಾಗ ಟೋಪಿ, ಕಪ್ಪು ಕನ್ನಡಕ ತೆಗೆಯಬೇಕು, ಭುಜ ಮೊಣಕಾಲು ಮುಚ್ಚಿರಬೇಕು. ಮನೆಯ ಹೊರಗೆ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಟ್ಟನ್ನು ಮುಖ್ಯಸ್ಥನ ಮುಂದೆ ನೆಲದ ಮೇಲಿಡಬೇಕು. ಅವನು ಸ್ವೀಕರಿಸಿ ನಾಲ್ಕು ಮಾತು ಹೇಳಿದ ಮೇಲೆ ನೀವು ಆ ಊರಿನ ಅತಿಥಿ. ಕುಟ್ಟಿದ ಬೇರನ್ನು ದೊಡ್ಡ ಮರದ ಬೋಗುಣಿಯಲ್ಲಿ ನೀರು ಹಾಕಿ ಬಟ್ಟೆಯಲ್ಲಿ ಸೋಸುತ್ತಾರೆ. ತೆಂಗಿನ ಚಿಪ್ಪು ನಿಮ್ಮ ಮುಂದೆ ಬಂದಾಗ ಒಂದು ಚಪ್ಪಾಳೆ ತಟ್ಟಿ, "ಬುಲ" ಎಂದು ಹೇಳಿ, ಒಂದೇ ಗುಟುಕಿಗೆ ಕುಡಿದು, ಚಿಪ್ಪು ಹಿಂದಿರುಗಿಸಿ ಮೂರು ಚಪ್ಪಾಳೆ ತಟ್ಟಬೇಕು. ಕೆಸರುನೀರಿನ ಬಣ್ಣ, ಕಹಿ ರುಚಿ. ಸ್ವಲ್ಪ ಹೊತ್ತಿಗೆ ನಾಲಿಗೆ, ತುಟಿ ಜೋಮು ಹಿಡಿಯುತ್ತದೆ. ಸಾರಾಯಿಯ ಅಮಲಲ್ಲ ಇದು, ಮೈ ಸಡಿಲಾಗುತ್ತದೆ, ಮಾತು ನಿಧಾನವಾಗುತ್ತದೆ. ಈ ಕಾರ್ಯಕ್ರಮಕ್ಕೆ ಗಡಿಯಾರವಿಲ್ಲ. ಹಾಗಾಗಿ ಹಳ್ಳಿಗೆ ಹೋಗುವ ದಿನ ಸಂಜೆಗೆ ಬೇರೇನನ್ನೂ ಇಟ್ಟುಕೊಳ್ಳಬೇಡಿ.

ಟೋಂಗಾದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಭಾನುವಾರ. 1875ರ ಅವರ ಸಂವಿಧಾನವೇ ಭಾನುವಾರವನ್ನು ದೇವರಿಗೆ ಮೀಸಲಿಟ್ಟಿದೆ. ಅಂಗಡಿಗಳಿಗೆ ಬೀಗ, ವಿಮಾನಗಳಿಗೂ ಬಿಡುವು. ಅಂದು ಹಾರಾಟದ ಯೋಜನೆ ಹಾಕಿದರೆ ಕೆಡುವುದು ಖಂಡಿತ. ಆ ದಿನ ಚರ್ಚಿನ ಹಿಂದಿನ ಸಾಲಿನಲ್ಲಿ ಕುಳಿತು ಅವರ ಹಾಡು ಕೇಳಿ. ಪಕ್ಕವಾದ್ಯವಿಲ್ಲದೆ ನಾಲ್ಕು ಸ್ತರದಲ್ಲಿ ಎತ್ತುವ ದನಿ ಮಾಡನ್ನೇ ಎತ್ತಿಬಿಡುವಂತಿರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಯೋಜನೆ ಕೆಡಬಹುದು. 2024ರ ಮೇ ತಿಂಗಳಲ್ಲಿ ವನುವಾತುವಿನ ರಾಷ್ಟ್ರೀಯ ವಿಮಾನ ಸಂಸ್ಥೆ ದಿವಾಳಿಯ ಅಂಚಿಗೆ ಬಂದು ಹಾರಾಟ ರದ್ದು ಮಾಡಿತು, ಪ್ರವಾಸಿಗಳು ಇದ್ದಲ್ಲೇ ಉಳಿದರು. ಅದೇ ವರ್ಷ ಡಿಸೆಂಬರ್ 17ರಂದು ರಾಜಧಾನಿ ಪೋರ್ಟ್ ವಿಲಾವನ್ನು 7.3ರ ಭೂಕಂಪ ಅಲ್ಲಾಡಿಸಿತು. ಬೇರೆ ಬೇರೆ ಸಂಸ್ಥೆಗಳ ಟಿಕೆಟ್‌ಗಳನ್ನು ಬಿಡಿಬಿಡಿಯಾಗಿ ಕೊಂಡವರಿಗೆ ಒಂದು ವಿಮಾನ ತಪ್ಪಿದರೆ ಉಳಿದವೆಲ್ಲ ಸಾಲಾಗಿ ತಪ್ಪುತ್ತವೆ. ಸಾಧ್ಯವಾದಷ್ಟೂ ಒಂದೇ ಟಿಕೆಟ್ಟಿನಲ್ಲಿ ಹೋಗಿ. ಆಗದಿದ್ದರೆ ಎರಡು ಹಾರಾಟಗಳ ನಡುವೆ ಗಂಟೆಗಳನ್ನಲ್ಲ, ದಿನಗಳನ್ನು ಬಿಡಿ.

ಹಾಗಾದರೆ ನಮ್ಮಂಥವರಿಗೆ ಒಪ್ಪುವ ಯೋಜನೆ ಹೇಗಿರಬೇಕು? ನನ್ನ ಸಲಹೆ ಇದು. ಮೂರು ವಾರ, ಮೂರು ದೇಶ, ಒಂದೇ ಬಾಗಿಲು. ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ನಾಂದಿ. ಮೊದಲ ವಾರ ಫಿಜಿ: ಒಂದು ಪೇಟೆ, ಒಂದು ಹಳ್ಳಿ, ದೋಣಿಯಲ್ಲಿ ಹೋಗಿ ಬರುವ ಯಸಾವಾ ದ್ವೀಪಗಳಲ್ಲಿ ಒಂದು. ಎರಡನೆಯ ವಾರ ಸಮೋವಾ: ಅಪಿಯಾದ ಹತ್ತಿರ ಬೆಟ್ಟದ ಮೇಲೆ 'ಟ್ರೆಷರ್ ಐಲ್ಯಾಂಡ್' ಬರೆದ ಸ್ಟೀವನ್‌ಸನ್ ಸಮಾಧಿಯಿದೆ, 1894ರಲ್ಲಿ ಅವನು ತೀರಿಕೊಂಡದ್ದು ಸಮೋವಾದಲ್ಲೇ. ಫೆರಿ ಹಿಡಿದು ಸವಾಯಿ ದ್ವೀಪಕ್ಕೆ ಹೋದರೆ ನೂರು ವರ್ಷಗಳಾಚೆ ಹರಿದು ಹೆಪ್ಪುಗಟ್ಟಿದ ಲಾವಾದ ಬಯಲು, ಅದರೊಳಗೆ ಸಿಕ್ಕ ಚರ್ಚಿನ ಗೋಡೆಗಳು ಕಾಣುತ್ತವೆ. ಮೂರನೆಯ ವಾರ ಟೋಂಗಾ, ಭಾನುವಾರ ಒಂದೇ ಕಡೆ ಇರುವಂತೆ. ಕೊನೆಗೆ ನಾಂದಿಗೆ ಮರಳಿ, ಮನೆಗೆ ಹೊರಡುವ ವಿಮಾನಕ್ಕೆ ಮುಂಚೆ ಎರಡು ದಿನ ಖಾಲಿ. ತಹೀತಿ, ಹವಾಯಿ, ಮೈಕ್ರೊನೇಷ್ಯಾಗಳನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಕೊನೆಯದಾಗಿ ಒಂದು ಮಾತು. ಸಮುದ್ರ ಏರುತ್ತಿರುವುದು ಈ ದ್ವೀಪಗಳ ಜನಕ್ಕೆ ಪತ್ರಿಕೆಯ ಸುದ್ದಿಯಲ್ಲ. ಫಿಜಿಯ ವುನಿದೋಗೊಲೋವಾ ಎಂಬ ಹಳ್ಳಿ 2014ರಲ್ಲಿ ಕಡಲಂಚು ಬಿಟ್ಟು ಒಳನಾಡಿಗೆ ಸರಿಯಿತು. ತುವಾಲುವಿನ ಜನರಿಗೆ ವರ್ಷಕ್ಕೆ 280 ಮಂದಿಯಂತೆ ನೆಲೆ ಕೊಡಲು ಆಸ್ಟ್ರೇಲಿಯಾ 2023ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಇಲ್ಲಿನ ಹಲವು ದ್ವೀಪಗಳಲ್ಲಿ ಕುಡಿಯುವ ನೀರು ಮಳೆಯದು, ಕಸ ಹಾಕಲು ಜಾಗವಿಲ್ಲ. ಹೋದವರು ನೀರು ಮಿತವಾಗಿ ಬಳಸಿ, ನಿಮ್ಮ ಪ್ಲಾಸ್ಟಿಕ್ ನೀವೇ ವಾಪಸು ತನ್ನಿ, ಊರಿನವರ ಮನೆಯಲ್ಲೇ ಉಳಿದು ಊರಿನವರ ಅಂಗಡಿಯಲ್ಲೇ ಕೊಳ್ಳಿ. ಟಿಕೆಟ್ ಮಾಡಿಸುವ ಮುನ್ನ ಪಾಸ್‌ಪೋರ್ಟಿನ ಅವಧಿ ಪ್ರವಾಸ ಮುಗಿದ ಮೇಲೂ ಆರು ತಿಂಗಳು ಉಳಿದಿದೆಯೇ ಎಂದು ಇವತ್ತೇ ಒಮ್ಮೆ ತೆಗೆದು ನೋಡಿ.